ಮೊದಲು ಗೋದಾಮು, ಕೊನೆಗೆ ಕಾರ್ಡ್

(ನ್ಯಾಯಬೆಲೆ ಅಂಗಡಿ ಜಾಗೃತ ಸಮಿತಿ ಸದಸ್ಯರ ತರಬೇತಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನನಗೆ ಮುಕ್ಕಾಲು ಗಂಟೆ ಅಂದಿದ್ದರು, ಊಟದ ಹೊತ್ತು ಹತ್ತಿರ ಬಂತು ಅಂತ ಅರ್ಧ ಗಂಟೆಗೆ ಇಳಿಸಿದ್ದಾರೆ. ಅನ್ನದ ವಿಷಯ ಮಾತಾಡುವವನು ಊಟಕ್ಕೆ ಅಡ್ಡ ಬರಬಾರದು, ಅಲ್ವಾ? ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಬೆಳಗ್ಗೆ ಟೀ ಕುಡಿಯುವಾಗ ಇಬ್ಬರು ಅಕ್ಕಂದಿರು ಹೇಳಿದರು, ತಾವು ಜಾಗೃತ ಸಮಿತಿಯಲ್ಲಿ ಇದ್ದೀವಿ ಅನ್ನೋದೇ ಈ ತರಬೇತಿಯ ಪತ್ರ ಬಂದಾಗ ಗೊತ್ತಾಯಿತಂತೆ. ನಗಬೇಡಿ, ಅದು ಅವರ ತಪ್ಪಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ 29ನೇ ಸೆಕ್ಷನ್ ಪ್ರತಿ ನ್ಯಾಯಬೆಲೆ ಅಂಗಡಿಗೂ ಅದರ ಮೇಲೆ ಕಣ್ಣಿಡಲು ಇಂಥ ಸಮಿತಿ ಇರಬೇಕು ಅನ್ನುತ್ತದೆ. ಅದರಲ್ಲಿ ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು, ದಿಕ್ಕಿಲ್ಲದವರು ಅಥವಾ ಅಂಗವಿಕಲರು ಇರಬೇಕು ಅಂತಲೂ ಇದೆ. ಹೆಸರು ಬರೆದುಕೊಂಡವರು ವಿಷಯ ಮುಟ್ಟಿಸಲಿಲ್ಲ, ಅಷ್ಟೇ.

ರೇಷನ್‌ನಲ್ಲಿ ಮೋಸ ಅಂದ ತಕ್ಷಣ ಎಲ್ಲರ ಕಣ್ಣು ಕಾರ್ಡಿನ ಮೇಲೆ ಬೀಳುತ್ತದೆ. ಯಾರ ಮನೆ ಮುಂದೆ ಕಾರಿದೆ, ಯಾರ ಮಗ ನೌಕರಿಯಲ್ಲಿದ್ದಾನೆ, ಯಾರದ್ದು ಸುಳ್ಳು ಬಿಪಿಎಲ್ ಅಂತ. ಅದನ್ನೂ ನೋಡಬೇಕು, ಬೇಡ ಅನ್ನುವುದಿಲ್ಲ. ಆದರೆ ತನಿಖೆ ಗೋದಾಮಿನಿಂದ ಶುರುವಾಗಬೇಕು. ಗೋದಾಮಿನಿಂದ ಲಾರಿ, ಲಾರಿಯಿಂದ ಅಂಗಡಿ, ಅಂಗಡಿಯಿಂದ ತಕ್ಕಡಿ. ಕಾರ್ಡ್ ಕೊನೆಗೆ.

ಯಾಕೆ ಅಂದರೆ, 2023ರಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಒಂದೇ ಗೋದಾಮಿನಿಂದ 6 ಸಾವಿರ ಕ್ವಿಂಟಲ್‌ಗೂ ಜಾಸ್ತಿ ಪಡಿತರ ಅಕ್ಕಿ ನಾಪತ್ತೆ ಆಯಿತು. ಲೆಕ್ಕ ಹಾಕಿ. 6 ಸಾವಿರ ಕ್ವಿಂಟಲ್ ಅಂದರೆ 6 ಲಕ್ಷ ಕೆಜಿ. ತಲೆಗೆ 5 ಕೆಜಿ ಅಂದರೆ 1 ಲಕ್ಷ 20 ಸಾವಿರ ಜನರ ಒಂದು ತಿಂಗಳ ಅಕ್ಕಿ. ಇಷ್ಟನ್ನು ಒಂದು ತಿಂಗಳಲ್ಲಿ ಸುಳ್ಳು ಕಾರ್ಡ್ ಇಟ್ಟುಕೊಂಡು ಎತ್ತಬೇಕಾದರೆ, ಮನೆಗೆ ಐದು ಜನ ಅಂತ ಇಟ್ಟುಕೊಂಡರೂ 24 ಸಾವಿರ ಸುಳ್ಳು ಮನೆ ಬೇಕು. ಯಾವ ತಾಲೂಕಿನಲ್ಲಿ ಹುಡುಕುತ್ತೀರಿ?

ಈಗ ಇನ್ನೊಂದು ಕಡೆ ನೋಡಿ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್ ರದ್ದು ಮಾಡಲು ಹೊರಟಾಗ ಎಷ್ಟು ಗಲಾಟೆ ಆಯಿತು ನಿಮಗೆ ಗೊತ್ತು. ಬ್ಯಾಂಕ್ ಸಾಲ ಸಿಗಲಿ ಅಂತ ಯಾರೋ ಹೇಳಿದ್ದಕ್ಕೆ ಐಟಿ ರಿಟರ್ನ್ ಹಾಕಿಸಿದವರಿದ್ದರು. ಒಂದು ರೂಪಾಯಿ ತೆರಿಗೆ ಕಟ್ಟಿಲ್ಲ, ಕಟ್ಟುವಷ್ಟು ಆದಾಯವೂ ಇಲ್ಲ. ಕಂಪ್ಯೂಟರ್‌ಗೆ ಅದೆಲ್ಲಾ ಬೇಕಿಲ್ಲ, ಪ್ಯಾನ್ ನಂಬರ್ ಸಿಕ್ಕಿತು, ತೆರಿಗೆದಾರ ಅಂದುಬಿಟ್ಟಿತು. ಆಮೇಲೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಮೊದಲೇ ಒಂದು ನೋಟಿಸ್ ಕೊಟ್ಟು, ಮನೆಗೆ ಹೋಗಿ ಕೇಳಿದ್ದರೆ ಸಾಕಿತ್ತು.

ಜಾರ್ಖಂಡಿನಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯಿತು. ಅಲ್ಲಿ ನಕಲಿ ಅಂತ ರದ್ದು ಮಾಡಿದ ಕಾರ್ಡುಗಳ ಹಿಂದೆ ಹೋಗಿ ಸಂಶೋಧಕರು ನೋಡಿದಾಗ ಬಹುಪಾಲು ನಿಜವಾದ ಮನೆಗಳೇ ಸಿಕ್ಕಿದವು. 2017ರಲ್ಲಿ ಸಿಮ್ಡೇಗಾ ಜಿಲ್ಲೆಯಲ್ಲಿ ಆಧಾರ್ ಜೋಡಿಸಿಲ್ಲ ಅಂತ ಕಾರ್ಡ್ ರದ್ದಾದ ಮನೆಯ 11 ವರ್ಷದ ಹುಡುಗಿ ಸತ್ತಳು. ಅನ್ನ ಅನ್ನ ಅಂತ ಕೇಳುತ್ತಾ ಸತ್ತಳು ಅಂತ ತಾಯಿ ಹೇಳಿದರು. ಹಸಿವಿನಿಂದಲ್ಲ, ಜ್ವರದಿಂದ ಅಂತ ಅಧಿಕಾರಿಗಳು ಹೇಳಿದರು. ಕಾರ್ಡ್ ರದ್ದಾಗಿದ್ದಂತೂ ನಿಜ. ನೆದರ್‌ಲ್ಯಾಂಡ್ಸ್‌ನಂಥ ಶ್ರೀಮಂತ ದೇಶದಲ್ಲೂ ಮಕ್ಕಳ ಪಾಲನೆಯ ಸಹಾಯಧನದಲ್ಲಿ ಮೋಸ ಮಾಡಿದ್ದೀರಿ ಅಂತ ಸಾವಿರಾರು ತಂದೆತಾಯಂದಿರ ಮೇಲೆ ಸುಳ್ಳು ಆರೋಪ ಹೊರಿಸಿ, ಕೊನೆಗೆ 2021ರಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ಈಗ ಒಂದು ಊರಿನ ಕಥೆ. ನನ್ನ ಜೊತೆ ಕೆಲಸ ಮಾಡಿದವರು ಇದನ್ನು ಸಾಕಷ್ಟು ಸಲ ಕೇಳಿದ್ದಾರೆ, ಅವರು ಬೇಕಾದರೆ ಹೊರಗೆ ಹೋಗಿ ಬರಬಹುದು. ಊರಿನ ಹೆಸರು ಹೇಳುವುದಿಲ್ಲ, ಆ ಅಂಗಡಿಯವರ ಮಕ್ಕಳು ಈಗಲೂ ಅಲ್ಲೇ ಶಾಲೆಗೆ ಹೋಗುತ್ತಾರೆ.

ಅಲ್ಲಿ ನಾವು ಅಂಗಡಿಯ ಯಂತ್ರದಿಂದ ಮೂರು ತಿಂಗಳ ವಿತರಣೆ ಪಟ್ಟಿ ತೆಗೆಸಿದೆವು. ಪಟ್ಟಿ ಪರಿಶುದ್ಧವಾಗಿತ್ತು. ಎಲ್ಲರೂ ಹೆಬ್ಬೆಟ್ಟು ಕೊಟ್ಟಿದ್ದಾರೆ, ಎಲ್ಲರಿಗೂ ಪೂರ್ತಿ ಅಕ್ಕಿ ಹೋಗಿದೆ. ಕಚೇರಿಯಲ್ಲಿ ಕೂತು ನೋಡಿದರೆ ಅಲ್ಲಿಗೆ ಫೈಲು ಮುಗಿಯಿತು. ನಾವು ಸಂಜೆ ಮಾರಮ್ಮನ ಗುಡಿ ಜಗುಲಿ ಮೇಲೆ ಪಿಯುಸಿ ಓದುವ ಒಬ್ಬ ಹುಡುಗಿಯ ಕೈಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿದೆವು. ಮೊದಲು ಜನ ಬರಲೇ ಇಲ್ಲ. ಅಂಗಡಿಯವರೇ ನಮಗೆ ಟೀ ತರಿಸಿಕೊಟ್ಟರು, ಅವರಿಗೆ ಅಷ್ಟು ಧೈರ್ಯ. ದನ ಹೊಡೆದುಕೊಂಡು ಬಂದವರು, ನಲ್ಲಿ ಹತ್ತಿರ ಇದ್ದವರು ತಮ್ಮ ತಮ್ಮ ಹೆಸರು ಕೇಳಿ ನಿಂತರು. "ಸದಸ್ಯರು ಆರು, ಅಕ್ಕಿ 30 ಕೆಜಿ" ಅಂತ ಹುಡುಗಿ ಓದಿದಳು. ಒಬ್ಬ ಅಜ್ಜಿ ಕೂತಲ್ಲಿಂದಲೇ, "ಏನವ್ವಾ ಮೂವತ್ತು? ನಮ್ಮನೆಗೆ ಬಂದಿದ್ದು ಇಪ್ಪತ್ತೇಳು" ಅಂದರು. ಹೇಗೆ ಗೊತ್ತು ಅಂದರೆ, ಮೊಮ್ಮಗ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ, ಪ್ರತಿ ತಿಂಗಳು ಅಲ್ಲಿ ತೂಕ ಹಾಕಿಯೇ ಮನೆಗೆ ಒಯ್ಯುತ್ತಾನೆ. ನಾಲ್ಕು ಜನರ ಮನೆಯವರು ಹದಿನೆಂಟು ಅಂದರು. ಮೂರು ಜನರ ಮನೆಯವರು ಹದಿಮೂರುವರೆ ಅಂದರು. ಎಲ್ಲರಿಗೂ ಹತ್ತಕ್ಕೆ ಒಂದು ಕೆಜಿ ಕಟ್!

ನೋಡಿ, ಹೆಬ್ಬೆಟ್ಟು ಹೇಳುವುದು ಆಕೆ ಬಂದಿದ್ದಳು ಅಂತ. ಎಷ್ಟು ಕೊಟ್ಟರು ಅಂತ ಅದು ಹೇಳುವುದಿಲ್ಲ. ಬಂದಿದ್ದಳು ಅನ್ನುವುದನ್ನೂ ಪೂರ್ತಿ ನಂಬಬೇಡಿ. "ಇವತ್ತು ತಂಬ್ ಕೊಟ್ಟು ಹೋಗಿ, ಅಕ್ಕಿ ಆಮೇಲೆ" ಅನ್ನುವ ಅಂಗಡಿಗಳಿವೆ. ತಂಬ್‌ಗೂ ಹತ್ತು ಇಪ್ಪತ್ತು ರೂಪಾಯಿ ಕೇಳುವವರಿದ್ದಾರೆ.

ಅಂಗಡಿಯವರ ಮುಖ ಬಾಡಿತು. ಜನ ಮೈಮೇಲೆ ಬೀಳುವಷ್ಟು ಸಿಟ್ಟಾಗಿದ್ದರು. ಆಗ ಅವರು ಬಾಯಿಬಿಟ್ಟರು. "ಸಾರ್, ನನಗೆ ಬರೋ ಚೀಲದಲ್ಲೇ ಐವತ್ತು ಕೆಜಿ ಇರಲ್ಲ. ಹಮಾಲಿ ದುಡ್ಡು ನಾನೇ ಕೊಡಬೇಕು. ಕಮಿಷನ್ ತಿಂಗಳುಗಟ್ಟಲೆ ಬರಲ್ಲ." ಮುಂದಿನ ಲೋಡ್ ಬಂದಾಗ ನಾವು ನಿಂತು ಹತ್ತು ಚೀಲ ತೂಕ ಹಾಕಿಸಿದೆವು. ಚೀಲದ ತೂಕ ಕಳೆದರೆ ಒಂದರಲ್ಲಿ 46, ಒಂದರಲ್ಲಿ 47, ಇನ್ನೊಂದರಲ್ಲಿ 48. ಅಂದರೆ ಅವರು ಹೇಳಿದ್ದು ನಿಜ, ಆದರೆ ಪೂರ್ತಿ ನಿಜವಲ್ಲ. ಮೇಲಿನವರು ಕಡಿದಿದ್ದಕ್ಕೆ ಇವರು ತಮ್ಮ ಪಾಲೂ ಸೇರಿಸಿ ಅಜ್ಜಿಯ ಚೀಲದಿಂದ ತೆಗೆದಿದ್ದರು. ಆ ಊರಿನಲ್ಲಿ ನಾವು ಕಾರ್ಡುಗಳಿಂದ ಶುರು ಮಾಡಿದ್ದರೆ ಇದು ಯಾವ ಕಾಲಕ್ಕೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೇಳುವುದು, ಮೊದಲು ಗೋದಾಮು.

ಹೀಗೆ ಪಟ್ಟಿ ಓದುವುದು ನಾವು ಕಂಡುಹಿಡಿದಿದ್ದಲ್ಲ. ರಾಜಸ್ಥಾನದಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಕೋಟ್‌ಕಿರಾನಾ ಅನ್ನುವ ಹಳ್ಳಿಯಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ಮುಂದೆ ಬಹಿರಂಗ ವಿಚಾರಣೆ, ಮಾಡಿತು. ಕೂಲಿ ಹಾಜರಿ ಪುಸ್ತಕ, ಬಿಲ್ಲುಗಳನ್ನು ಊರವರ ಮುಂದೆ ಓದಿದರು. ನಮ್ಮ ದುಡ್ಡು, ನಮ್ಮ ಲೆಕ್ಕ ಅಂತ ಘೋಷಣೆ ಕೂಗಿದರು. ಅಲ್ಲಿಂದ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು. ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆ, ಅಂದರೆ ಊರವರೇ ಲೆಕ್ಕ ನೋಡುವುದು, ಅದರ ಬೇರೂ ಅಲ್ಲೇ ಇದೆ.

ಚೀಟಿ ಬಂತು, ಐದು ನಿಮಿಷವಂತೆ. ಪಿಂಚಣಿ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಬಿಡುತ್ತೇನೆ. ಉದ್ಯೋಗ ಖಾತ್ರಿಯ ಬಗ್ಗೆ ಒಂದೇ ಮಾತು. ಹಾಜರಿಗೆ ಮೊಬೈಲ್ ಫೋಟೊ ಕಡ್ಡಾಯ ಮಾಡಿದರು. ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು. ಊರವರು ನೋಡದಿದ್ದರೆ ಕ್ಯಾಮೆರಾ ಒಂದೇ ಏನೂ ಮಾಡುವುದಿಲ್ಲ.

ಬೇಗ ಬೇಗ ಹೇಳಿಬಿಡುತ್ತೇನೆ. ಆಹಾರ ಭದ್ರತಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಪಡಿತರದ ದಾಖಲೆ ಸಾರ್ವಜನಿಕರ ನೋಟಕ್ಕೆ ತೆರೆದಿರಬೇಕು. ಕೊಡುವುದಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಕಥೆ ಬರೆಯಬೇಡಿ, ದಾಸ್ತಾನು ಪುಸ್ತಕ ಕೇಳಿ. ದಾಖಲೆ ಕೈಗೆ ಬರುವ ಮೊದಲು ಯಾರನ್ನೂ ಕಳ್ಳ ಅನ್ನಬೇಡಿ, ಹಾಗೆ ಅಂದುಬಿಟ್ಟರೆ ಪುಸ್ತಕ ತಿದ್ದಿಬಿಡುತ್ತಾರೆ. ಹೇಳಿಕೆ ಕೊಟ್ಟವರ ಹೆಸರು ಅಂಗಡಿಯವರಿಗೆ ಹೋಗದ ಹಾಗೆ ನೋಡಿಕೊಳ್ಳಿ. ಮುಂದಿನ ತಿಂಗಳು ಅವರು ಅದೇ ಸಾಲಿನಲ್ಲಿ ನಿಲ್ಲಬೇಕು.

ಇನ್ನು ಕಾರ್ಡಿನ ವಿಚಾರಣೆ ನಿಮ್ಮ ಮುಂದೆ ಬಂದರೆ, ನೋಟಿಸ್ ಕೊಟ್ಟು ಉತ್ತರ ಕೇಳುವವರೆಗೂ ಅಕ್ಕಿ ನಿಲ್ಲಬಾರದು ಅಂತ ಸಭೆಯ ನಡಾವಳಿಯಲ್ಲಿ ಬರೆಸಿ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ.

ನಿಮ್ಮ ಅಂಗಡಿಗೆ ಮುಂದಿನ ಲೋಡ್ ಯಾವ ದಿನ ಬರುತ್ತದೆ ಅಂತ ಇವತ್ತೇ ಕೇಳಿಕೊಂಡು ಹೋಗಿ. ಇಬ್ಬರಾದರೂ ಹೋಗಿ ನಿಲ್ಲಿ, ಹತ್ತು ಚೀಲ ತೂಕ ಹಾಕಿಸಿ, ತೂಕ ಬರೆದು ಲಾರಿಯವರ ಸಹಿ ತಗೊಳ್ಳಿ. ಪಡಿತರ ನೋಡಿಕೊಳ್ಳುವ ಅಧಿಕಾರಿ, ಆಹಾರ ಶಿರಸ್ತೇದಾರರು, ಎರಡನೇ ಸಾಲಿನಲ್ಲೇ ಕೂತಿದ್ದಾರೆ. ಅವರು ಊಟಕ್ಕೆ ಏಳುವ ಮೊದಲು ಗೋದಾಮಿನ ಪ್ರಶ್ನೆಗಳನ್ನು ಕೇಳಿಬಿಡಿ.