ಮಿಲಿಟರಿ ಮಾಸ್ತರು ಸಮವಸ್ತ್ರ ಕಳಚಿಟ್ಟ ಮೇಲೆ

ನಮಸ್ಕಾರ. ಮೊನ್ನೆ ಕಾರವಾರ ತಾಲೂಕಿನ ಕಾಳಿ ನದಿ ದಂಡೆಯ ಒಂದು ಊರಿನಲ್ಲಿ ನಮ್ಮ ಮಿಲಿಟರಿ ಮಾಸ್ತರ ಶ್ರದ್ಧಾಂಜಲಿ ಸಭೆ ಆಯಿತು. ಮಾತಾಡಿದವರೆಲ್ಲ 1971ರ ಯುದ್ಧದ ಬಗ್ಗೆಯೇ ಮಾತಾಡಿದರು. ಮಾಸ್ತರು ಬೆಳಗಾವಿಗೆ ಹೋಗಿ ಮರಾಠಾ ರೆಜಿಮೆಂಟ್ ಸೇರಿದ್ದು, ಪೂರ್ವ ಗಡಿಯಲ್ಲಿ ಹೋರಾಡಿದ್ದು, ಎಲ್ಲ ನಿಜ. ಆ ಗೌರವ ಅವರಿಗೆ ಸಲ್ಲಲೇಬೇಕು. ಆದರೆ ಆ ಯುದ್ಧ ಮುಗಿದದ್ದು 13 ದಿನಕ್ಕೆ. ಆಮೇಲೆ ಮಾಸ್ತರು ಐವತ್ತು ವರ್ಷಕ್ಕೂ ಮೇಲೆ ಬದುಕಿದರು, ದುಡಿದರು. ಆ ಐವತ್ತು ವರ್ಷದ ಮಾತು ಸಭೆಯಲ್ಲಿ ಬರಲೇ ಇಲ್ಲ. ನನಗೆ ಅದು ಸಹಿಸಲಾಗಲಿಲ್ಲ. ಅದಕ್ಕೇ ಇವತ್ತಿನ ಈ ಮಾತು.

ಮಾಸ್ತರು ತರಗತಿಯಲ್ಲಿ ತಮ್ಮ ಯುದ್ಧದ ಕಥೆ ಹೇಳಿದ್ದು ನನಗೆ ನೆನಪಿಲ್ಲ. ಹೇಳುತ್ತಿದ್ದದ್ದು ರಾಮ ರಾಘೋಬ ರಾಣೆಯವರ ಕಥೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಪಕ್ಕ, ಅವರ ಪ್ರತಿಮೆ ಇದೆಯಲ್ಲ, ಅವರೇ. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. ಅವರಿಗೆ ಆ ಪದಕ ಯಾತಕ್ಕೆ ಬಂತು ಗೊತ್ತೇ? 1948ರ ಏಪ್ರಿಲ್‌ನಲ್ಲಿ ಜಮ್ಮು ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬು ಕಿತ್ತದ್ದಕ್ಕೆ, ಅಡ್ಡ ಕೆಡವಿದ್ದ ಮರ ಸರಿಸಿದ್ದಕ್ಕೆ. ಗುಂಡು ಹಾರುತ್ತಿರುವಾಗ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ನಿಲ್ಲು, ನಡೆ ಅಂತ ಸೂಚನೆ ಕೊಡುತ್ತ ಹಾದಿ ಮಾಡಿಕೊಟ್ಟರು. ಹಿಂದೆ ಬರುವವರಿಗೆ ದಾರಿ ಬಿಡಿಸಿಕೊಡುವುದೂ ಯುದ್ಧವೇ ಅನ್ನುವುದನ್ನು ಮಾಸ್ತರು ನಮಗೆ ಆ ಕಥೆಯಿಂದ ತಿಳಿಸಿದರು. ಅವರು ಊರಲ್ಲಿ ಜೀವನಪೂರ್ತಿ ಮಾಡಿದ್ದೂ ಅದನ್ನೇ.

ಸೈನ್ಯ ಬಿಟ್ಟು ಬಂದು ಅವರು ಮಾಸ್ತರಿಕೆಗೆ ಸೇರಿದ್ದು ಕಡಲ ದಂಡೆಯ ಒಂದು ಪ್ರಾಥಮಿಕ ಶಾಲೆಗೆ. ಆಗಿನ್ನೂ ರಂಪಣಿಯ, ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆಯ, ಕಾಲ ಪೂರ್ತಿ ಮುಗಿದಿರಲಿಲ್ಲ. ಬಂಗಡೆ ಬಂತು ಅಂದರೆ ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು, ಶಾಲೆ ಅರ್ಧ ಖಾಲಿ. ಬೇರೆ ಮಾಸ್ತರಾಗಿದ್ದರೆ ಮರುದಿನ ಬೆತ್ತ ತೆಗೆಯುತ್ತಿದ್ದರು. ಇವರು ತಾವೇ ದಂಡೆಗೆ ಬಂದರು. ಮೀನು ರಾಶಿ ಹಾಕಿ ಪಾಲು ಹಂಚುವ ಹೊತ್ತಿಗೆ ನಮ್ಮನ್ನೆಲ್ಲ ಮರಳಲ್ಲಿ ಕೂಡಿಸಿ, ಬಲೆಗೆ ಎಷ್ಟು ಪಾಲು, ದೋಣಿಗೆ ಎಷ್ಟು, ಹಗ್ಗ ಎಳೆದವರಿಗೆ ಎಷ್ಟು, ಹಾಗಾದರೆ ನಿನ್ನ ಅಮ್ಮನ ಬುಟ್ಟಿಗೆ ಎಷ್ಟು ಬೀಳಬೇಕು ಅಂತ ಕೇಳಿದರು. ಬೆರಳಲ್ಲಿ ಮರಳ ಮೇಲೆ ಲೆಕ್ಕ. ಒಬ್ಬ ಹುಡುಗ ಲೆಕ್ಕ ಮಾಡಿ, ಅಮ್ಮನ ಪಾಲು ಕಡಿಮೆ ಬಂದಿದೆ ಅಂದ. ಮೀನುಗಾರರ ತಂಡದ ಮುಖ್ಯಸ್ಥರಾದ ತಾಂಡೇಲರು ಇನ್ನೊಮ್ಮೆ ಎಣಿಸಿದರು. ಹೌದು, ಕಡಿಮೆ ಬಿದ್ದಿತ್ತು. ಬುಟ್ಟಿಗೆ ಮೀನು ಸೇರಿಸಿಕೊಟ್ಟರು. ಭಿನ್ನರಾಶಿ ಕಲಿತರೆ ಏನು ಉಪಯೋಗ ಅಂತ ಆಮೇಲೆ ನಮ್ಮ ಶಾಲೆಯಲ್ಲಿ ಯಾರೂ ಕೇಳಲಿಲ್ಲ.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ; ಸಣ್ಣ ಮಕ್ಕಳಿಗೆ ಅವರು ಮೊದಲು ಕೊಂಕಣಿಯಲ್ಲೇ ಹೇಳಿ ಆಮೇಲೆ ಕನ್ನಡಕ್ಕೆ ಬರುತ್ತಿದ್ದರು.

ನಿವೃತ್ತಿಯಾಗಿ ಕಾಳಿ ದಂಡೆಯ ಮೂಲಮನೆಗೆ ಬಂದ ಮೇಲೆ ಮಾಡಿದ ಕೆಲಸವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಸುತ್ತಲ ಊರುಗಳಲ್ಲಿ ಮಾಜಿ ಸೈನಿಕರ ವಿಧವೆಯರು ಇದ್ದಾರೆ. ನಮ್ಮ ಕಡೆ ಎಷ್ಟೋ ಮನೆತನದಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇತ್ತಲ್ಲ. ಸೈನ್ಯದ ದಾಖಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಹುಟ್ಟಿದ ತಾರೀಕು ಒಂದೊಂದು ಕಡೆ ಒಂದೊಂದು. ಗಂಡ ತೀರಿಕೊಂಡ ದಿನದಿಂದ ಕುಟುಂಬ ಪಿಂಚಣಿಗೆ ತೊಡಕು. ನೋಟರಿ ಅಫಿಡವಿಟ್ಟು, ಸೈನ್ಯದ ರೆಕಾರ್ಡ್ ಆಫೀಸಿಗೆ ಪತ್ರ, ಬ್ಯಾಂಕಿನ ಅರ್ಜಿ, ಇದೆಲ್ಲ ಮಾಸ್ತರೇ ಕೂತು ಬರೆದುಕೊಡುತ್ತಿದ್ದರು. ಪಿಂಚಣಿ ‘ಸ್ಪರ್ಶ್’ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋದ ಮೇಲೆ ಎಪ್ಪತ್ತು ದಾಟಿದ ಅವರೇ ಮೊಮ್ಮಗಳ ಹತ್ತಿರ ಮೊಬೈಲ್ ಕಲಿತರು. ಮೀನು ಹೆಚ್ಚಿ ಹೆಚ್ಚಿ ಬೆರಳ ಗೆರೆ ಸವೆದ ಅಜ್ಜಿಯರ ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಸುವುದಿಲ್ಲ; ಅವರನ್ನು ಜಗುಲಿಯ ಬೆಳಕಿಗೆ ಕೂಡಿಸಿ, ಮೊಬೈಲಿಗೆ ಮುಖ ತೋರಿಸಿ, ಪಿಂಚಣಿ ನಿಲ್ಲದಿರಲು ವರ್ಷವರ್ಷ ಕೊಡಬೇಕಾದ ಜೀವಂತ ಪ್ರಮಾಣಪತ್ರ ಮಾಡಿಸುವುದಕ್ಕೆ ಮೊದಲು ಕಲಿತವರು ಇವರೇ. ಒಂದು ರೂಪಾಯಿ ಮುಟ್ಟಿದವರಲ್ಲ. ಆ ಹೆಂಗಸರು ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಮೈಕ್ ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

2019ರ ಆಗಸ್ಟ್‌ನಲ್ಲಿ ಕಾಳಿ ಉಕ್ಕಿ ಬಂದದ್ದು ನಿಮಗೆಲ್ಲ ನೆನಪಿದೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಅಂದ ಕೂಡಲೇ ಮಾಸ್ತರು ಕೈಗೆತ್ತಿಕೊಂಡದ್ದು ಒಂದು ನೋಟುಬುಕ್ಕು. ಮಳೆಗಾಲಕ್ಕೆ ಮೊದಲೇ ಮನೆಮನೆ ತಿರುಗಿ ಬರೆದಿಟ್ಟದ್ದು. ಅದರ ಒಂದು ಪುಟ ನಾನು ಓದಿದ್ದೇನೆ: ‘ಹಳ್ಳದ ಪಕ್ಕದ ಮನೆ. ಅಜ್ಜಿ ನಡೆಯಲಾರರು, ಹೊರಲು ಇಬ್ಬರು ಬೇಕು. ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ. ಕಪ್ಪು ಎಮ್ಮೆಯನ್ನು ಮೊದಲು ಬಿಚ್ಚಬೇಕು, ಇಲ್ಲದಿದ್ದರೆ ಅಜ್ಜಿ ಹೊರಡುವುದಿಲ್ಲ.’ ಎಮ್ಮೆಯ ಸಾಲು ಓದಿ ನನಗೆ ಕಣ್ಣು ತುಂಬಿತು. ಜನರನ್ನು ಸಾಗಿಸುವುದು ಅಂದರೆ ಅವರ ಮನಸ್ಸನ್ನೂ ಬಲ್ಲವರ ಕೆಲಸ. ಅದು ಸೈನ್ಯದ ಶಿಸ್ತು, ಮಾಸ್ತರಿಕೆಯ ತಾಳ್ಮೆ, ಎರಡೂ ಕೂಡಿದ ಬುದ್ಧಿ.

ಈಗ ಊರವರು ರಸ್ತೆ ಕೂಡುವಲ್ಲಿ ಒಂದು ಕಟ್ಟೆ ಕಟ್ಟಿ ಅವರ ಹೆಸರಿಡೋಣ ಅಂತ ಹೊರಟಿದ್ದಾರೆ. ಇಡಲಿ, ನಾನೂ ನನ್ನ ಪಾಲು ಕೊಡುತ್ತೇನೆ. ಆದರೆ ಕಟ್ಟೆ ಅರ್ಜಿ ಬರೆಯುವುದಿಲ್ಲ. ಮಾಸ್ತರ ಜಗುಲಿಗೆ ಬರುತ್ತಿದ್ದ ಹೆಂಗಸರು ಈ ಸಲ ಯಾರ ಮನೆಗೆ ಹೋಗಬೇಕು? ಜೂನ್ ಬಂದರೆ ಆ ನೋಟುಬುಕ್ಕನ್ನು ಹೊಸದಾಗಿ ಯಾರು ಬರೆಯುತ್ತಾರೆ? ಅದರಲ್ಲಿರುವ ಅಜ್ಜಿಯರಲ್ಲಿ ಕೆಲವರು ತೀರಿಕೊಂಡರು, ಕೆಲವರು ಹೊಸದಾಗಿ ಹಾಸಿಗೆ ಹಿಡಿದರು. ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಏನು ಬೇಕಾದರೂ ಮಾಡಬಲ್ಲರು. ವಾರದಲ್ಲಿ ಒಂದು ಸಂಜೆ ಕೇಳಿದರೆ ಅವರು ಇಲ್ಲ ಅನ್ನುವವರಲ್ಲ. ಇಲ್ಲಿಯ ತನಕ ನಾವು ಯಾರೂ ಕೇಳಿಯೇ ಇಲ್ಲ.

ಹಾಗಾಗಿ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ಮಾಸ್ತರ ಮನೆಯವರನ್ನು ಕೇಳಿಕೊಂಡೆವು. ಭಾನುವಾರ ಸಂಜೆ ಜಗುಲಿ ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ನವೆಂಬರ್ ಜೀವಂತ ಪ್ರಮಾಣಪತ್ರದ ತಿಂಗಳು, ಎಂಬತ್ತು ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶವಿದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರು ಇದ್ದರೆ ಕರೆದುಕೊಂಡು ಬನ್ನಿ. ಪಿಂಚಣಿ ಆದೇಶದ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಆಧಾರ್, ಗಂಡನ ಡಿಸ್ಚಾರ್ಜ್ ಪುಸ್ತಕ ಇದ್ದರೆ ಅದೂ ಇರಲಿ. ಹೆಸರು ಎರಡಿದ್ದರೆ ಎರಡನ್ನೂ ಹೇಳಿ. ಮೊಬೈಲ್ ಬಲ್ಲ ಹುಡುಗರು ಬರಿಗೈಯಲ್ಲಿ ಬಂದರೂ ಸಾಕು, ಕೂಡಲು ಚಾಪೆ ನಾವು ಹಾಸಿರುತ್ತೇವೆ.