ಬೆಚ್ಚನೆಯ ನೆಲ ಮತ್ತು ಅದರ ಮೇಲೆ ಬೆಳೆದ ಮನೆ

ಎಲ್ಲರಿಗೂ ನಮಸ್ಕಾರ.

ಕೊರಿಯಾದ ಸೀರಿಯಲ್‌ಗಳನ್ನು ನಿಮ್ಮಲ್ಲಿ ಬಹಳ ಮಂದಿ ನೋಡುತ್ತೀರಿ. ಅವುಗಳಲ್ಲಿ ಹೊರಗೆ ಹಿಮ ಬೀಳುತ್ತಿರುತ್ತದೆ, ಒಳಗೆ ಜನ ನೆಲದ ಮೇಲೇ ಕೂತು ಉಣ್ಣುತ್ತಿರುತ್ತಾರೆ. ಸೋಲ್ ನಗರದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇಳಿಯುವುದು ಅಪರೂಪವೇನಲ್ಲ. ಅಂಥ ಚಳಿಯಲ್ಲಿ ನೆಲದ ಮೇಲೆ ಮಲಗಲು ಆಗುತ್ತದಾ? ಆಗುತ್ತದೆ, ಯಾಕೆಂದರೆ ಅಲ್ಲಿ ನೆಲವೇ ಬೆಚ್ಚಗಿರುತ್ತದೆ. ಇದಕ್ಕೆ ಒಂದೋಲ್ ಅಂತಾರೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ: ಈ ನೆಲದ ಸುತ್ತ ಒಂದು ಇಡೀ ಮನೆವಾರ್ತೆ ಬೆಳೆಯಿತು. ಬೆಂಕಿ ಹೋದರೂ ಬಿಸಿನೆಲ ಉಳಿಯಿತು. ಆದರೆ ಅದನ್ನು ಮಾಡುತ್ತಿದ್ದ ಕೈಗಳ ಕಥೆ ಬೇರೆ.

ಮೊದಲು ಕೆಲಸ ಮಾಡುವ ರೀತಿ ನೋಡೋಣ. ನಮ್ಮ ಮಲೆನಾಡಿನ ಬಚ್ಚಲ ಒಲೆಯ ಬಿಸಿ ಹೊಗೆ ಸುಮ್ನೆ ಹಂಚಿನ ಸಂದಿಯಿಂದ ಹೊರಗೆ ಹೋಗಿಬಿಡುತ್ತದೆ, ಅಲ್ವಾ? ಕೊರಿಯಾದವರು ಆ ಹೊಗೆಯನ್ನು ಬಿಡಲಿಲ್ಲ. ಅಡುಗೆಮನೆಯನ್ನು ತಗ್ಗಿನಲ್ಲಿ ಕಟ್ಟಿ, ಪಕ್ಕದ ಕೋಣೆಯ ನೆಲವನ್ನು ಎತ್ತರ ಮಾಡಿದರು. ಒಲೆಯ ಬಾಯಿ ಅಗುಂಗಿ. ಅಲ್ಲಿ ಹೊತ್ತಿಸಿದ ಬೆಂಕಿ ಮೇಲಿನ ಕಬ್ಬಿಣದ ಹಂಡೆಯಲ್ಲಿ ಅನ್ನ ಬೇಯಿಸುತ್ತದೆ. ಹೊಗೆ ಕೋಣೆಯ ಅಡಿಯ ಕಾಲುವೆಗಳಲ್ಲಿ ಅಡ್ಡಕ್ಕೆ ಹರಿದು, ಆಚೆ ಬದಿಯ ಚಿಮಣಿಯಿಂದ ಹೊರಬೀಳುತ್ತದೆ. ಕಾಲುವೆಗಳ ಮೇಲೆ ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಸಂಜೆಯ ಅಡುಗೆಗೆ ಉರಿಸಿದ ಸೌದೆಯ ಕಾವು ಕಲ್ಲಿನಲ್ಲಿ ಕೂತು ರಾತ್ರಿಯೆಲ್ಲ ಬರುತ್ತದೆ.

ಇದರ ಜಾಣತನ ಇರುವುದು ಸಣ್ಣ ಸಣ್ಣ ವಿವರಗಳಲ್ಲಿ. ಒಲೆಯಿಂದ ಕಾಲುವೆಗೆ ಹೋಗುವ ಕಡೆ ಒಂದು ಏರು ಇರುತ್ತದೆ. ಅದನ್ನು ದಾಟಿದ ಹೊಗೆ ವಾಪಸ್ ಬರುವುದು ಕಷ್ಟ. ಕಾಲುವೆಯ ಕೊನೆಯಲ್ಲಿ ಒಂದು ಗುಂಡಿ. ಮಸಿ ಅಲ್ಲಿ ಕೂರುತ್ತದೆ, ಹೊರಗಿನ ತಣ್ಣನೆಯ ಗಾಳಿಯೂ ಅಲ್ಲೇ ನಿಲ್ಲುತ್ತದೆ. ಒಲೆಯ ಹತ್ತಿರ ದಪ್ಪ ಕಲ್ಲು, ದೂರ ಹೋದಂತೆ ತೆಳು ಕಲ್ಲು. ಇಲ್ಲದಿದ್ದರೆ ಒಂದು ಮೂಲೆ ಸುಡುತ್ತದೆ, ಇನ್ನೊಂದು ಕೊರೆಯುತ್ತದೆ. ಈ ಲೆಕ್ಕವೆಲ್ಲ ಮೇಸ್ತ್ರಿಯ ಕೈಯಲ್ಲಿತ್ತು.

ಇದು ಬಹಳ ಹಳೆಯದು. ಚೀನಾದ ತಾಂಗ್ ವಂಶದ ಬಗ್ಗೆ 945ರಲ್ಲಿ ಬರೆದು ಮುಗಿಸಿದ ಇತಿಹಾಸದಲ್ಲಿ, ಕೊರಿಯಾದ ಹಳೆಯ ರಾಜ್ಯವಾದ ಗೋಗುರ್ಯೊದ ಬಡವರು ಚಳಿಗಾಲದಲ್ಲಿ ಉದ್ದ ಕಾಲುವೆ ಮಾಡಿ ಅಡಿಯಲ್ಲಿ ಬೆಂಕಿ ಹಾಕಿ ಕಾಯಿಸಿಕೊಳ್ಳುತ್ತಾರೆ ಎಂದು ಬರೆದಿದೆ. ಬಡವರು ಅನ್ನುವುದನ್ನು ಗಮನಿಸಿ. ಆಗ ಗೋಡೆಯ ಪಕ್ಕ ಒಂದೆರಡು ಕಾಲುವೆ ಮಾತ್ರ ಇರುತ್ತಿದ್ದವು. ಕೋಣೆಯ ಇಡೀ ನೆಲ ಬಿಸಿಯಾಗುವ ಪದ್ಧತಿ ಎಲ್ಲರ ಮನೆಗೂ ಹರಡಿದ್ದು ಜೊಸೊನ್ ರಾಜವಂಶದ ಕಾಲದಲ್ಲಿ (1392–1910), ಹೆಚ್ಚಾಗಿ 17ನೇ ಶತಮಾನದಿಂದ ಈಚೆಗೆ. ಅದಕ್ಕೆ ಬೆಲೆಯನ್ನೂ ತೆತ್ತರು: ಊರ ಸುತ್ತಲಿನ ಗುಡ್ಡಗಳು ಸೌದೆಗೆ ಬೋಳಾದವು.

ಈಗ ಮನೆಯೊಳಗೆ ಬನ್ನಿ. ಒಲೆಗೆ ಹತ್ತಿರದ ಬೆಚ್ಚನೆಯ ಜಾಗ ಹಿರಿಯರಿಗೆ, ಅತಿಥಿಗಳಿಗೆ, ಬಾಣಂತಿಗೆ. ತಡವಾಗಿ ಬರುವ ಮನೆಯ ಯಜಮಾನನ ಅನ್ನದ ಬಟ್ಟಲನ್ನು ಮುಚ್ಚಳ ಹಾಕಿ, ಅಲ್ಲೇ ಹೊದಿಕೆಯ ಅಡಿಯಲ್ಲಿ ಇಡುತ್ತಿದ್ದರು. ಸೋಯಾ ಕಾಳನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ತಟ್ಟಿ ಹುದುಗಿಸಿದ್ದೂ ಈ ಬಿಸಿಯಲ್ಲೇ. ಕೊರಿಯಾದ ಅಡುಗೆಯ ಬೆನ್ನೆಲುಬಾದ ಸೋಯಾ ಸಾಸು, ಸೋಯಾ ಪೇಸ್ಟು ಎರಡೂ ಅದರಿಂದಲೇ ಬರುತ್ತವೆ.

ನೆಲವನ್ನೇ ಹಾಸಿಗೆ ಮಾಡಿಕೊಂಡಾಗ ನೆಲ ನಯವಾಗಿರಬೇಕು, ಹೊಗೆ ಒಂದು ಎಳೆಯೂ ಮೇಲೆ ಬರಬಾರದು. ಅದಕ್ಕೆ ಬಂದದ್ದು ಕಾಗದ. ಹೌದು, ನೆಲಕ್ಕೆ ಕಾಗದ! ಡಾಕ್ ಅನ್ನುವ ಗಿಡದ ತೊಗಟೆಯ ನಾರಿನಿಂದ ಮಾಡಿದ ಹಾನ್‌ಜಿ ಕಾಗದವನ್ನು ಪದರ ಪದರವಾಗಿ ಅಂಟಿಸುತ್ತಾರೆ. ಆಮೇಲೆ ನೆನೆಸಿ ಅರೆದ ಸೋಯಾ ಕಾಳಿಗೆ ಎಣ್ಣೆ ಬೆರೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಅದರಿಂದ ನೆಲವನ್ನು ಉಜ್ಜುತ್ತಾರೆ. ಮತ್ತೆ ಮತ್ತೆ ಉಜ್ಜಿದಾಗ ಕಾಗದ ಜೇನಿನ ಬಣ್ಣಕ್ಕೆ ತಿರುಗುತ್ತದೆ. ನೀರು ಬಿದ್ದರೆ ಒರೆಸಬಹುದು. ನನ್ನ ಮಟ್ಟಿಗೆ ಇದು ಆ ಮನೆಯ ಅತ್ಯಂತ ಸುಂದರವಾದ ಕಸುಬು. ಕಾಲಿಗೆ ತಾಗುವ ಜಾಗಕ್ಕೆ ಅಷ್ಟು ಪ್ರೀತಿಯಿಂದ ಕೆಲಸ ಮಾಡಿದ್ದಾರಲ್ಲ!

ಇಂಥ ನೆಲದ ಮೇಲೆ ಚಪ್ಪಲಿ ಹಾಕುವ ಮಾತೇ ಇಲ್ಲ. ಮಂಚ, ಕುರ್ಚಿಯ ಅಗತ್ಯವೂ ಇಲ್ಲ. ಹಗಲು ಹಾಸಿಗೆ ಮಡಿಸಿ ಪೆಟ್ಟಿಗೆಯ ಮೇಲೆ ಇಟ್ಟರೆ, ಮಲಗುವ ಕೋಣೆಯೇ ಊಟದ ಕೋಣೆ. ಊಟ ಸೋಬಾನ್ ಅನ್ನುವ ಪುಟ್ಟ ಮಣೆಯ ಮೇಲೆ ಬರುತ್ತದೆ. ಅದು ಅಡುಗೆಮನೆಯಿಂದ ಒಬ್ಬರೇ ಎತ್ತಿ ತರುವಷ್ಟು ಹಗುರ. ಪೆಟ್ಟಿಗೆ, ಬೀರು ಎಲ್ಲ ಕೂತವರ ಕಣ್ಣಿನ ಅಳತೆಗೆ ಗಿಡ್ಡ. ಎರಡು ಬಟ್ಟೆಗಳ ನಡುವೆ ಹತ್ತಿ ಹರಡಿ, ಸಣ್ಣ ಸಣ್ಣ ಹೊಲಿಗೆಯ ಸಾಲು ಹಾಕುವ ನೂಬಿ ಕೆಲಸ ಚಳಿಗಾಲದ ಬಟ್ಟೆ, ಹೊದಿಕೆಗಳಿಗೆ ಬೇಕಾಯಿತು. ಬೇಸಿಗೆಗೆ ಗಾಳಿಯಾಡುವ ಮರದ ಜಗಲಿ, ಹಾನ್ಸಾನ್ ಊರಿನ ತೆಳು ನಾರುಬಟ್ಟೆ.

ಕಲ್ಲು ಹಾಸುವ ಈ ವಿದ್ಯೆ ಮನೆಯಲ್ಲೇ ನಿಲ್ಲಲಿಲ್ಲ. ದಕ್ಷಿಣದ ಕಡಲಲ್ಲಿ ಚೊಂಗ್‌ಸಾಂದೊ ಎಂಬ ದ್ವೀಪವಿದೆ. ಅಲ್ಲಿ ಮಣ್ಣು ಕಡಿಮೆ, ಕಲ್ಲು ಜಾಸ್ತಿ, ನೀರು ನಿಲ್ಲುವುದೇ ಇಲ್ಲ. ರೈತರು ಕಲ್ಲು ಪೇರಿಸಿ, ಮೇಲೆ ಒಂದೋಲ್‌ನ ಹಾಗೆ ಚಪ್ಪಟೆ ಕಲ್ಲು ಹಾಸಿ, ಸಂದಿಗೆ ಜೇಡಿ ಮೆತ್ತಿ, ಅದರ ಮೇಲೆ ಮಣ್ಣು ಹರಡಿ ಭತ್ತದ ಗದ್ದೆ ಮಾಡಿದರು. ಮನೆಯಲ್ಲಿ ಹೊಗೆ ಹರಿಯುತ್ತಿದ್ದ ಕಾಲುವೆಯಲ್ಲಿ ಇಲ್ಲಿ ನೀರು ಹರಿಯುತ್ತದೆ, ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಈ ಗದ್ದೆಗಳನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು.

ಕಹಿ ಅಧ್ಯಾಯವನ್ನೂ ಹೇಳಬೇಕು. ಕೊರಿಯಾ ಯುದ್ಧದ ನಂತರ ಸೌದೆ ಇರಲಿಲ್ಲ. ತೂತು ತೂತಾದ ಕಲ್ಲಿದ್ದಲ ಬಿಲ್ಲೆ, ಯೊಂತಾನ್, ಎಲ್ಲರ ಮನೆಯ ಒಲೆಗೆ ಬಂತು. ಬೋಳು ಗುಡ್ಡಗಳು ಮತ್ತೆ ಹಸಿರಾಗಲು ಅದೂ ಒಂದು ಕಾರಣ. ಆದರೆ ನೆಲದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಒಳಗೆ ಬರುತ್ತಿತ್ತು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದ ಕುಟುಂಬಗಳು ಏಳಲೇ ಇಲ್ಲ. ತಲೆ ಸುತ್ತಿ ಬಿದ್ದವರಿಗೆ ಕಿಮ್ಚಿಯ, ಅಂದರೆ ಹುದುಗಿಸಿದ ಮೂಲಂಗಿ ಉಪ್ಪಿನಕಾಯಿಯ, ತಣ್ಣನೆಯ ನೀರು ಕುಡಿಸುತ್ತಿದ್ದರು, ಮನೆಮದ್ದು ಅಂತ. ಹಳೆಯದೆಲ್ಲ ಸುಖವಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಮನೆಗಳಲ್ಲಿ ತಾಯಂದಿರು ಚಳಿರಾತ್ರಿ ಎದ್ದು ಬಿಲ್ಲೆ ಬದಲಿಸುತ್ತಿದ್ದರು.

ಆಮೇಲೆ ಅಪಾರ್ಟ್‌ಮೆಂಟ್‌ಗಳು ಬಂದವು. 1970ರ ದಶಕದಲ್ಲಿ ಕೆಲವು ಕಡೆ ಹಾಲ್‌ಗೆ ಪಶ್ಚಿಮದ ರೇಡಿಯೇಟರ್ ಹಾಕಿದ್ದರು. ಜನರಿಗೆ ಅದು ಒಗ್ಗಲಿಲ್ಲ. ಕೊನೆಗೆ ಕಟ್ಟುವವರೇ ಬದಲಾದರು. ನೆಲದ ಅಡಿಯಲ್ಲಿ ಹೊಗೆಯ ಬದಲು ಬಿಸಿನೀರಿನ ಪೈಪು ಬಂತು. ಇವತ್ತು ಕೆಲಸಕ್ಕೆಂದು ಅಲ್ಲಿಗೆ ಹೋಗುವ ಕನ್ನಡಿಗರ ಬಾಡಿಗೆ ಮನೆಯಲ್ಲೂ ಗೋಡೆಯ ಮೇಲೆ ಬಾಯ್ಲರ್‌ನ ಸ್ವಿಚ್ಚು ಇರುತ್ತದೆ. ಹಾಲ್‌ನಲ್ಲಿ ಸೋಫಾ ಇದ್ದರೂ ಅಲ್ಲಿನ ಜನ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂರುತ್ತಾರೆ! ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಟೋಕಿಯೊದಲ್ಲಿ ಒಬ್ಬ ಶ್ರೀಮಂತರ ಮನೆಯ ಕೊರಿಯನ್ ಕೋಣೆಯಲ್ಲಿ ಕೂತು ಬೆರಗಾಗಿದ್ದರು. 1937ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಮುಗಿದ ಜೇಕಬ್ಸ್ ಮನೆಯ ನೆಲದಡಿ ಅವರೂ ಪೈಪು ಹಾಕಿಸಿದರು.

ಹೀಗೆ ಬಿಸಿನೆಲ ಉಳಿಯಿತು. ಯಾಕೆಂದರೆ ಜನರಿಗೆ ಅದು ದಿನಾ ಬೇಕಿತ್ತು. ಆದರೆ ಎಣ್ಣೆಯ ಕಾಗದದ ಜಾಗಕ್ಕೆ ವಿನೈಲ್ ಹಾಳೆ ಬಂತು, ಆಮೇಲೆ ಮರದಂಥ ಹಲಗೆ. ಅಂಗಳದಲ್ಲಿ ಹೂಳುತ್ತಿದ್ದ ಕಿಮ್ಚಿ ಜಾಡಿಯ ಕೆಲಸವನ್ನು 1990ರ ದಶಕದಿಂದ ಕಿಮ್ಚಿ ಫ್ರಿಜ್ ಮಾಡುತ್ತಿದೆ. ಕಸುಬುದಾರರಲ್ಲಿ ಕೆಲವರಿಗೆ ಸರ್ಕಾರ ಕೈಹಿಡಿಯಿತು. ನೂಬಿ ಹೊಲಿಗೆಯ ಕಿಮ್ ಹೇ-ಜಾ ಅವರನ್ನು 1996ರಲ್ಲಿ ಆ ಕಲೆಯ ವಾರಸುದಾರರು ಎಂದು ಗುರುತಿಸಿತು. ಹೀಗೆ ಗುರುತಿಸಿದವರಿಗೆ ಕಲಿಸಲು ಹಣವೂ ಸಿಗುತ್ತದೆ.

ಒಂದೋಲ್‌ಗೆ ಹಾಗೆ ಆಗಲಿಲ್ಲ. 2018ರಲ್ಲಿ ಅದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಯಾರನ್ನೂ ವಾರಸುದಾರರೆಂದು ಹೆಸರಿಸಲಿಲ್ಲ, ಇಡೀ ದೇಶವೇ ಅದನ್ನು ಬದುಕುತ್ತಿದೆ ಎಂಬ ಕಾರಣಕ್ಕೆ. ಪೈಪಿನ ನೆಲದ ಮಟ್ಟಿಗೆ ಆ ಮಾತು ಸರಿ. ಆದರೆ ಯಾವ ಕಲ್ಲು ದಪ್ಪ ಇರಬೇಕು, ಹೊಗೆ ಎಲ್ಲಿ ಏರಬೇಕು ಎಂದು ಕೈಯಲ್ಲೇ ತಿಳಿದ ಮೇಸ್ತ್ರಿಗಳು ದೇಶದ ಎಲ್ಲರೂ ಅಲ್ಲ, ಕೆಲವೇ ಮಂದಿ. ಹಾನೋಕ್ ಅನ್ನುವ ಹಳೆಯ ಕೊರಿಯನ್ ಶೈಲಿಯ ಮನೆಗಳ ನೆಲ ಕುಸಿದಾಗ ಕರೆಯಬೇಕಾದವರು ಅವರೇ. ನೂಬಿಯ ಸೂಜಿಗೆ ಸಿಕ್ಕ ಹೆಸರು, ಸಂಬಳ, ಶಿಷ್ಯರು ಈ ಕಲ್ಲುಕೆಲಸದವರಿಗೂ ಸಿಗಬೇಕು. ಅದೂ ಅವರು ಇರುವಾಗಲೇ.