ಪೊರೆ ಆಪರೇಷನ್: ಕಣ್ಣೊಳಗೊಂದು ಬಾಯಿಬಿಟ್ಟ ಬಳೆ

[ದೃಶ್ಯ: ಮದುವೆ ಮನೆಯ ಶಾಮಿಯಾನ. ಒಂದು ಬದಿಯ ಹಗ್ಗ ಬಿಚ್ಚಿಕೊಳ್ಳುತ್ತದೆ.]

ಒಂದು ಬದಿಯ ನಾಲ್ಕು ಹಗ್ಗ ಬಿಚ್ಚಿದರೆ ಶಾಮಿಯಾನ ಪೂರ್ತಿ ಬೀಳುವುದಿಲ್ಲ. ಆ ಬದಿ ಜೋತು ಬೀಳುತ್ತದೆ, ಇನ್ನೊಂದು ಬದಿಗೆ ಜಗ್ಗುತ್ತದೆ. ಕಣ್ಣೊಳಗೂ ಹೀಗಾಗುತ್ತದೆ.

[ದೃಶ್ಯ: ಕಣ್ಣಿನ ಒಳಭಾಗದ ಚಿತ್ರ]

ನಮ್ಮ ಕಣ್ಣಿನ ಲೆನ್ಸ್ ಇರುವುದು ತೆಳ್ಳನೆಯ ಚೀಲದೊಳಗೆ. ಹಿಂಬದಿಯ ನಡುಭಾಗದಲ್ಲಿ ಅದರ ದಪ್ಪ ಹೆಚ್ಚೆಂದರೆ 4 ಮೈಕ್ರಾನ್; ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸುತ್ತಲೂ ಜೊನ್ಯೂಲ್ ಎಂಬ ಎಳೆಗಳು ಅದನ್ನು ಹಿಡಿದಿವೆ. ಆಪರೇಷನ್‌ನಲ್ಲಿ ಮಂಜಾದ ಲೆನ್ಸ್ ತೆಗೆದು ಹೊಸದನ್ನು ಇಡುವುದೂ ಇದೇ ಚೀಲದಲ್ಲೇ.

ಎಳೆ ಯಾಕೆ ಸಡಿಲವಾಗುತ್ತದೆ? ಮಾರ್ಫನ್ ಸಿಂಡ್ರೋಮ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರಬಹುದು. ವಯಸ್ಸಾದವರಲ್ಲಿ ಸೂಡೋಎಕ್ಸ್‌ಫೋಲಿಯೇಷನ್, ಅಂದರೆ ಹೊಟ್ಟಿನಂಥ ಬಿಳಿ ಪುಡಿ ಲೆನ್ಸ್ ಮೇಲೆ ಕೂರುವುದು. ಇಲ್ಲವೇ ಹಳೆ ಪೆಟ್ಟು. ಐವತ್ತು ವರ್ಷದ ಹಿಂದೆ ಚಿನ್ನಿದಾಂಡು ತಗುಲಿದ್ದಾದರೂ ಡಾಕ್ಟರಿಗೆ ಹೇಳಿ, ಸುಮ್ನೆ ಬಿಡಬೇಡಿ.

[ದೃಶ್ಯ: ಒಂದು ಕಡೆ ತುಂಡಾದ ಪ್ಲಾಸ್ಟಿಕ್ ಬಳೆ. ಬೆರಳಲ್ಲಿ ಒತ್ತಿ ಬಿಡುವುದು.]

ಇದೇ ಕ್ಯಾಪ್ಸುಲರ್ ಟೆನ್ಷನ್ ರಿಂಗ್‌ನ ಉಪಾಯ. 1990ರ ದಶಕದ ಶುರುವಿನಲ್ಲಿ ಬಂದದ್ದು. ಚೀಲಕ್ಕಿಂತ ತುಸು ದೊಡ್ಡದಾದ, ಬಾಯಿಬಿಟ್ಟ ಪ್ಲಾಸ್ಟಿಕ್ ಉಂಗುರ. ಒಳಗೆ ಹೋದ ಮೇಲೆ ಅಗಲವಾಗಿ ಚೀಲದ ಅಂಚನ್ನು ಹೊರಕ್ಕೆ ತಳ್ಳುತ್ತದೆ.

ರಿಂಗ್ ಚೀಲವನ್ನು ಕಣ್ಣಿನ ಗೋಡೆಗೆ ಕಟ್ಟಿಬಿಡುತ್ತದೆ ಅಂದುಕೊಂಡಿರಾ? ಇಲ್ಲ. ಅದು ಭಾರ ಹಂಚುತ್ತದೆ, ಹೊರುವುದು ಉಳಿದ ಗಟ್ಟಿ ಎಳೆಗಳೇ. ಹಾಗಾಗಿ ಗಡಿಯಾರದ ಮುಖದಲ್ಲಿ ಮೂರ್ನಾಲ್ಕು ಗಂಟೆಯಷ್ಟು ಭಾಗ ಸಡಿಲವಿದ್ದರೆ ಇದು ಸಾಕು. ಅದಕ್ಕಿಂತ ಜಾಸ್ತಿಯಾದರೆ? 1998ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರ್ ರಾಬರ್ಟ್ ಸಿಯೋನಿ ಕೊಂಡಿ ಇರುವ ರಿಂಗ್ ತೋರಿಸಿಕೊಟ್ಟರು. ಕೊಂಡಿಗೆ ದಾರ ಹಾಕಿ ಕಣ್ಣಿನ ಬಿಳಿ ಗೋಡೆಗೆ ಹೊಲಿಯುತ್ತಾರೆ. ಇದು ನಿಜವಾಗಿ ಕಟ್ಟುವುದು.

[ದೃಶ್ಯ: ಮತ್ತೆ ಬಳೆ, ಈ ಸಲ ತೆಳ್ಳನೆ ಕವರ್ ಒಳಗೆ]

ಯಾವಾಗ ಹಾಕುವುದು ಎನ್ನುವುದೇ ನನಗೆ ಕಂಡಂತೆ ಕಷ್ಟದ ತೀರ್ಮಾನ. ಬೇಗ ಹಾಕಿದರೆ ಲೆನ್ಸ್‌ನ ಮೆತ್ತನೆ ಪದರ ರಿಂಗ್ ಹಿಂದೆ ಸಿಕ್ಕಿಕೊಂಡು, ಎಳೆದರೂ ಬರುವುದಿಲ್ಲ. ತಡವಾದರೆ ಚೀಲ ಕುಸಿದು, ಲೆನ್ಸ್ ಹೀರುವ ಸಲಕರಣೆಯ ಬಾಯಿಗೆ ಬರುತ್ತದೆ. ಅದಕ್ಕೇ ಎಷ್ಟೋ ಸಲ ಮೊದಲು ಕೊಕ್ಕೆಗಳಿಂದ ಚೀಲದ ಬಾಯಿ ಹಿಡಿದುಕೊಂಡು, ಲೆನ್ಸ್ ಖಾಲಿ ಮಾಡಿ, ಆಮೇಲೆ ರಿಂಗ್ ಬಿಡುತ್ತಾರೆ. ಚೀಲ ಹಿಂದೆ ಹರಿದಿದ್ದರಂತೂ ರಿಂಗ್ ಬೇಡ. ಹಿಗ್ಗಿದಷ್ಟೂ ಹರಕು ದೊಡ್ಡದಾಗುತ್ತದೆ, ಅಲ್ವಾ?

ಸೂಡೋಎಕ್ಸ್‌ಫೋಲಿಯೇಷನ್ ಇರುವ ಕಣ್ಣಲ್ಲಿ ಎಳೆಗಳು ಆಮೇಲೂ ಸಡಿಲವಾಗುತ್ತಾ ಹೋಗುತ್ತವೆ. ಕೆಲವರಿಗೆ ವರ್ಷಗಳ ನಂತರ ಚೀಲ, ಲೆನ್ಸ್, ರಿಂಗ್ ಮೂರೂ ಒಟ್ಟಿಗೆ ಜಾರುತ್ತವೆ. ಆಗ ಹೊಲಿಗೆಗೆ ಆಧಾರವಾಗುವುದು ಅದೇ ರಿಂಗ್. ಮನೆಯಲ್ಲಿ ಯಾರಿಗಾದರೂ ರಿಂಗ್ ಹಾಕಿದ್ದರೆ ಆ ಡಿಸ್ಚಾರ್ಜ್ ಚೀಟಿ ಎತ್ತಿಡಿ.